ಒಂದು ಕುಟುಂಬ ಬದುಕಲು ತಿಂಗಳಿಗೆ ಎಷ್ಟು ಬೇಕು? ಜೀವನ ವೇತನವನ್ನು ನೀವೇ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಸಂಬಳ ಸಾಲದು ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಸಾಲದು, ಯಾವ ಬಾಬ್ತಿನಲ್ಲಿ ಸಾಲದು ಎಂದು ಕಾಗದದ ಮೇಲೆ ತೋರಿಸುವವರು ಕಡಿಮೆ. ಮ್ಯಾನೇಜ್‌ಮೆಂಟ್ ಜೊತೆ ಮಾತುಕತೆಗೆ ಕೂತಾಗಲೂ, ಕನಿಷ್ಠ ವೇತನದ ಬಗ್ಗೆ ಸರ್ಕಾರ ಹೊರಡಿಸುವ ಕರಡು ಅಧಿಸೂಚನೆಗೆ ಆಕ್ಷೇಪಣೆ ಬರೆಯುವಾಗಲೂ ಬೇಕಾಗುವುದು ಆ ಕಾಗದವೇ. ಅದನ್ನು ತಯಾರಿಸಲು ಅರ್ಥಶಾಸ್ತ್ರದ ಪದವಿ ಬೇಡ. ಒಂದು ನೋಟ್‌ಬುಕ್, ಬೀದಿಯ ಅಂಗಡಿಗಳ ದರ, ಕೂಡಿಸಿ ಭಾಗಿಸುವಷ್ಟು ಗಣಿತ ಗೊತ್ತಿದ್ದರೆ ಸಾಕು.

ಉದಾಹರಣೆಗೆ ಬೆಂಗಳೂರಿನ ಪೀಣ್ಯ–ಲಗ್ಗೆರೆ ಕಡೆಯ ಒಂದು ಕುಟುಂಬವನ್ನು ಕಲ್ಪಿಸಿಕೊಂಡಿದ್ದೇನೆ. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಗಂಡ ಗೋಡೌನಿನಲ್ಲಿ ಲೋಡರ್, ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ಮುಂದೆ ಬರುವ ದರಗಳೆಲ್ಲ ಲೆಕ್ಕ ತೋರಿಸಲು ನಾನು ಹಿಡಿದ ದರಗಳು. ಅವುಗಳ ಜಾಗದಲ್ಲಿ ನಿಮ್ಮ ಬೀದಿಯ ದರ ಹಾಕಿಕೊಳ್ಳಿ.

ಮೊದಲು, ಯಾವುದನ್ನು ಅಳೆಯುತ್ತಿದ್ದೇವೆ?

1948ರ ನ್ಯಾಯೋಚಿತ ವೇತನ ಸಮಿತಿ ವೇತನವನ್ನು ಮೂರು ಮೆಟ್ಟಿಲಾಗಿ ನೋಡಿತು. ಕೆಳಗಿನದು ಕನಿಷ್ಠ ವೇತನ, ನಡುವಿನದು ನ್ಯಾಯೋಚಿತ ವೇತನ, ಮೇಲಿನದು ಜೀವನ ವೇತನ. ಊಟ, ಬಟ್ಟೆ, ಸೂರಿನ ಜೊತೆಗೆ ಮಕ್ಕಳ ಓದು, ಕಾಯಿಲೆಗೆ ಔಷಧ, ಮುಪ್ಪಿಗೆ ಒಂದಿಷ್ಟು ಆಸರೆ, ಮರ್ಯಾದೆಯಿಂದ ನಾಲ್ಕು ಜನರ ನಡುವೆ ಇರುವಷ್ಟು ಅನುಕೂಲ ಇವೆಲ್ಲ ಸೇರಿದ್ದು ಜೀವನ ವೇತನ. ಸಂವಿಧಾನದ 43ನೇ ವಿಧಿ ಸರ್ಕಾರಕ್ಕೆ ಗುರಿಯಾಗಿ ಕೊಟ್ಟಿರುವುದು ಈ ಮೇಲಿನ ಮೆಟ್ಟಿಲನ್ನೇ.

ಲೆಕ್ಕದ ವಿಧಾನ ಬಂದದ್ದು ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತ 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಿಂದ. ಒಬ್ಬ ದುಡಿಯುವವರ ಮೇಲೆ ಮೂರು ಬಳಕೆ ಘಟಕ, ಅಂದರೆ ಒಬ್ಬ ಗಂಡಸಿನ ಊಟವನ್ನು 1 ಎಂದು ಹಿಡಿದು ಅಳೆದ ಕುಟುಂಬ. ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ. ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಕನಿಷ್ಠ ಮನೆಯ ಬಾಡಿಗೆ. ಉರುವಲು, ದೀಪ ಮತ್ತು ಇತರೆಗೆ ಒಟ್ಟು ಕನಿಷ್ಠ ವೇತನದ ಶೇ 20. ಕ್ಯಾಲೊರಿಯ ಲೆಕ್ಕ ಡಾ. ಆಯ್ಕ್ರಾಯ್ಡ್ ಅವರದು. ನಮ್ಮ ಗಡಿಗೆ ಹತ್ತಿರದ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು ಅವರು; ಅದೇ ಸಂಸ್ಥೆ ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಎಂಬ ಕಂಪನಿ ಮತ್ತು ಅದರ ಕಾರ್ಮಿಕರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಅಂಶ ಸೇರಿಸಿತು: ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ, ಹಬ್ಬಹರಿದಿನ, ಮುಪ್ಪು, ಮದುವೆ ಮುಂತಾದವಕ್ಕೆ ಶೇ 25. ಈ ಆರು ಅಂಶಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಹಂತ 1: ಎರಡು ಕಾಲಂ

ಎರಡನೇ ಪುಟದಲ್ಲಿ ಎರಡು ಕಾಲಂ ಹಾಕಿ. ಎಡಗಡೆ "ಆಗುತ್ತಿರುವ ಖರ್ಚು", ಬಲಗಡೆ "ಆಗಬೇಕಾದ ಖರ್ಚು". ಈ ಲೆಕ್ಕದ ಜೀವ ಇರುವುದು ಇಲ್ಲೇ.

ಸಾಮಾನ್ಯವಾಗಿ ಜನ ಮಾಡುವುದು ಎಡಗಡೆಯ ಕಾಲಂ ಒಂದನ್ನೇ. ತಿಂಗಳಿಡೀ ಖರ್ಚು ಬರೆದು, ಕೂಡಿಸಿ, ಜೀವನ ವೆಚ್ಚ ಇಷ್ಟು ಎನ್ನುತ್ತಾರೆ. ಆದರೆ 14,000 ರೂಪಾಯಿ ಬರುವ ಮನೆಯ ಖರ್ಚು 14,000ದ ಆಸುಪಾಸಿನಲ್ಲೇ ಇರುತ್ತದೆ, ಅದಕ್ಕಿಂತ ಹೆಚ್ಚು ಅವರ ಕೈಯಲ್ಲಿ ಇಲ್ಲವೇ ಇಲ್ಲ. ಹಣ್ಣು ತಂದಿರುವುದಿಲ್ಲ, ಹಾಲು ಟೀಗೆ ಮಾತ್ರ ಬಂದಿರುತ್ತದೆ, ಹಲ್ಲುನೋವಿಗೆ ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ಕಾಲ ತಳ್ಳಿರುತ್ತಾರೆ. ಆ ಮೊತ್ತವನ್ನು ಜೀವನ ವೆಚ್ಚ ಎಂದು ಕರೆದರೆ, ಕಡಿಮೆ ಸಂಬಳವೇ ತಾನು ಸರಿ ಎನ್ನುವುದಕ್ಕೆ ಸಾಕ್ಷಿಯಾಗಿಬಿಡುತ್ತದೆ.

ಹಾಗೆಂದು ಎಡಗಡೆಯ ಕಾಲಂ ಬಿಡಬೇಡಿ. ಅದಿಲ್ಲದೆ ಅಂತರ ಕಾಣುವುದಿಲ್ಲ. ಸಂಘದ ಕಂತು, ಮೈಕ್ರೋಫೈನಾನ್ಸ್‌ನ ವಾರದ ಕಂತು, ಚೀಟಿ, ಕೈಸಾಲ, ಒತ್ತೆ ಇಟ್ಟ ಓಲೆಯ ಬಡ್ಡಿ ಎಲ್ಲವೂ ಎಡಗಡೆಗೆ ಬರಲಿ. ಸಾಲದ ಕಂತನ್ನು ಬಲಗಡೆಗೆ ಬರೆಯಬೇಡಿ. ಶಾಲೆಯ ಫೀಸಿಗೆ ಮಾಡಿದ ಸಾಲವಾದರೆ ಆ ಫೀಸು ಬಲಗಡೆ ಶಿಕ್ಷಣದ ಬಾಬ್ತಿನಲ್ಲಿ ಹೇಗೂ ಇರುತ್ತದೆ. ಕಂತನ್ನೂ ಸೇರಿಸಿದರೆ ಒಂದೇ ಖರ್ಚು ಎರಡು ಸಲ ಲೆಕ್ಕವಾಗುತ್ತದೆ. ಎದುರಿನವರು ಮೊದಲು ಬೆರಳಿಡುವುದು ಇಂಥ ಜಾಗದ ಮೇಲೆಯೇ.

ತಿಂಗಳಿಗೊಮ್ಮೆ ಬಾರದ ಖರ್ಚನ್ನು ವರ್ಷದ ಲೆಕ್ಕದಲ್ಲಿ ಬರೆದು 12ರಿಂದ ಭಾಗಿಸಿ. ಜೂನ್‌ನಲ್ಲಿ ಶಾಲೆ, ಯುಗಾದಿ, ಗೌರಿ–ಗಣೇಶ, ದೀಪಾವಳಿ, ಊರಹಬ್ಬ, ನೆಂಟರ ಮದುವೆಯ ಮುಯ್ಯಿ. ತಿಂಗಳ ಲೆಕ್ಕದಲ್ಲಿ ಕಾಣದೆ ಉಳಿಯುವ ಈ ಖರ್ಚುಗಳೇ ಹೆಚ್ಚಿನ ಸಾಲಕ್ಕೆ ಕಾರಣ.

ಹಂತ 2: ಕುಟುಂಬದ ಘಟಕ

ಹಳೆಯ ಸೂತ್ರದಲ್ಲಿ ಗಂಡಸು 1, ಹೆಂಗಸು 0.8, ಮಕ್ಕಳು ತಲಾ 0.6, ಒಟ್ಟು 3. ದುಡಿಯುವ ಹೆಂಗಸಿಗೆ 0.8 ಎನ್ನುವುದು ನನಗೆ ಒಪ್ಪಿಗೆಯಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪ್ರಮಾಣದಲ್ಲಿ ಕೂತು ಕೆಲಸ ಮಾಡುವ ಹೆಂಗಸಿಗೆ 1,660 ಕ್ಯಾಲೊರಿ, ಮಧ್ಯಮ ಶ್ರಮಕ್ಕೆ 2,130, ಭಾರಿ ಶ್ರಮಕ್ಕೆ 2,720 ಎಂದಿದೆ. ಟೈಲರ್ ಮಿಷನ್ ಮುಂದೆ ಕೂತೇ ಇರುತ್ತಾಳಲ್ಲ ಎಂದು ಮೊದಲನೆಯದನ್ನು ಹಿಡಿಯಬೇಡಿ. ಬೆಳಿಗ್ಗೆ ನೀರು ಹಿಡಿದು, ಅಡುಗೆ ಮುಗಿಸಿ, ಸಂಜೆ ಬಂದು ಬಟ್ಟೆ ಒಗೆಯುವವಳ ದಿನ ಮಿಷನ್ನಿನ ಮುಂದೆ ಮುಗಿಯುವುದಿಲ್ಲ. ಕನಿಷ್ಠ ವೇತನ ನಿಗದಿಯ ಕ್ರಮ ಹೇಳಲು ಕೇಂದ್ರ ನೇಮಿಸಿ, 2019ರಲ್ಲಿ ವರದಿ ಕೊಟ್ಟ ಅನೂಪ್ ಸತ್ಪತಿ ಸಮಿತಿ ಘಟಕವನ್ನು 3.6ಕ್ಕೆ ಏರಿಸಿತು, ಕ್ಯಾಲೊರಿಯನ್ನು 2,400ಕ್ಕೆ ಇಳಿಸಿತು, ಜೊತೆಗೆ 50 ಗ್ರಾಂ ಪ್ರೋಟೀನ್ ಮತ್ತು 30 ಗ್ರಾಂ ಕೊಬ್ಬನ್ನೂ ಕಡ್ಡಾಯ ಮಾಡಿತು.

ಮಾತುಕತೆಗೆ ಹೋಗುವ ಲೆಕ್ಕದಲ್ಲಿ 3 ಘಟಕವನ್ನೇ ಇಟ್ಟುಕೊಳ್ಳಿ. ಕೋರ್ಟು ಒಪ್ಪಿದ ಅಂಕಿ ಅದು, ಅದರ ಬಗ್ಗೆ ವಾದ ಏಳುವುದಿಲ್ಲ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕಳಿಸುವ ಹಣವನ್ನು ಬೇರೆ ಬಾಬ್ತಾಗಿ ತೋರಿಸಿ.

ಹಂತ 3: ಊಟದ ಬುಟ್ಟಿ

ಯಾವ ಪದಾರ್ಥ ಎಷ್ಟು ಎನ್ನುವುದನ್ನು ನೀವೇ ಕಲ್ಪಿಸಬೇಕಾಗಿಲ್ಲ. ಕೇಂದ್ರ ಸರ್ಕಾರಿ ನೌಕರರ ಕನಿಷ್ಠ ಮೂಲವೇತನವನ್ನು 18,000 ಎಂದು ನಿಗದಿ ಮಾಡಿದ 7ನೇ ವೇತನ ಆಯೋಗ 3 ಘಟಕದ ಕುಟುಂಬಕ್ಕೆ ತಿಂಗಳ ಪಟ್ಟಿಯನ್ನೇ ಕೊಟ್ಟಿದೆ: ಅಕ್ಕಿ ಅಥವಾ ಗೋಧಿ 42.75 ಕೆಜಿ, ಬೇಳೆ 7.2 ಕೆಜಿ, ಮೂರು ಬಗೆಯ ತರಕಾರಿ ಒಟ್ಟು 27 ಕೆಜಿ, ಹಣ್ಣು 10.8 ಕೆಜಿ, ಹಾಲು 18 ಲೀಟರ್, ಸಕ್ಕರೆ–ಬೆಲ್ಲ 5.04 ಕೆಜಿ, ಅಡುಗೆ ಎಣ್ಣೆ 3.6 ಕೆಜಿ, ಮೊಟ್ಟೆ 90, ಮಾಂಸ 5 ಕೆಜಿ, ಮೀನು 2.5 ಕೆಜಿ. ಸರ್ಕಾರ ತನ್ನ ನೌಕರರಿಗೆ ಒಪ್ಪಿದ ಊಟ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಹೆಚ್ಚಾಯಿತು ಎಂದು ಯಾರೂ ಹೇಳಲಾರರು. ಅದಕ್ಕೇ ಈ ಪಟ್ಟಿಯನ್ನು ಬಿಟ್ಟುಕೊಡಬೇಡಿ.

ಪ್ರಮಾಣ ಹಾಗೇ ಇಟ್ಟುಕೊಂಡು ಪದಾರ್ಥವನ್ನು ನಿಮ್ಮ ಕಡೆಯ ಊಟಕ್ಕೆ ಹೊಂದಿಸಿ. ತುಮಕೂರು, ಮಂಡ್ಯ ಕಡೆಯವರಾದರೆ ಧಾನ್ಯದಲ್ಲಿ ರಾಗಿಗೆ ಜಾಗ ಬೇಕು, ವಿಜಯಪುರ, ಕಲಬುರಗಿಯವರಾದರೆ ಜೋಳಕ್ಕೆ, ಕರಾವಳಿಯವರಾದರೆ ಕುಚ್ಚಲಕ್ಕಿಗೆ. ಮಾಂಸ ತಿನ್ನದ ಮನೆಯಲ್ಲಿ ಆ ಹಣವನ್ನು ಬೇಳೆ, ಹಾಲು, ಕಡಲೆಬೀಜಕ್ಕೆ ಹಂಚಿ; ಸುಮ್ಮನೆ ಹೊಡೆದುಹಾಕಬೇಡಿ.

ಇನ್ನು ದರ. ದುಡಿಯುವವರು ನಿಜವಾಗಿ ಕೊಳ್ಳುವ ಜಾಗದಲ್ಲೇ ದರ ಕೇಳಬೇಕು: ಸಂಜೆ ಫ್ಯಾಕ್ಟರಿ ಬಿಟ್ಟ ಮೇಲೆ ದಾರಿಯಲ್ಲಿ ಸಿಗುವ ತಳ್ಳುಗಾಡಿ, ವಠಾರದ ಪಕ್ಕದ ದಿನಸಿ ಅಂಗಡಿ, ವಾರದ ಸಂತೆ. ಆನ್‌ಲೈನ್ ಆಪ್‌ನ ಆಫರ್ ದರವಾಗಲಿ, ಮಾಲ್‌ನಲ್ಲಿ 25 ಕೆಜಿ ಮೂಟೆ ಕೊಂಡರೆ ಬೀಳುವ ದರವಾಗಲಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ತಿಂಗಳ ಕೊನೆಗೆ ಕಾಲು ಕೆಜಿ ಬೇಳೆ, ನೂರು ಗ್ರಾಂ ಎಣ್ಣೆ ತರುವ ಮನೆ ಕೆಜಿ ಲೆಕ್ಕದಲ್ಲಿ ಹೆಚ್ಚೇ ಕೊಡುತ್ತದೆ. ಪ್ರತಿ ಪದಾರ್ಥಕ್ಕೂ ಮೂರು ಅಂಗಡಿಯ ದರ ಬರೆದು ನಡುವಿನದನ್ನು ಹಿಡಿಯಿರಿ, ತಾರೀಖನ್ನೂ ಅಂಗಡಿಯನ್ನೂ ಗುರುತು ಹಾಕಿ. ಟೊಮೆಟೊ, ಈರುಳ್ಳಿ, ಹುರುಳಿಕಾಯಿಯಂಥವಕ್ಕೆ ಒಂದು ದಿನದ ದರ ನಂಬುವಂತಿಲ್ಲ. ಬೇಸಿಗೆ, ಮಳೆಗಾಲ, ಚಳಿಗಾಲ ಮೂರರ ಸರಾಸರಿ ಬೇಕು.

ನನ್ನ ಉದಾಹರಣೆ ಹೀಗಿದೆ. ಅಕ್ಕಿ 27 ಕೆಜಿ, ಕೆಜಿಗೆ 55ರಂತೆ 1,485. ರಾಗಿ 9 ಕೆಜಿ, 45ರಂತೆ 405. ಗೋಧಿಹಿಟ್ಟು 6.75 ಕೆಜಿ, 50ರಂತೆ 338. ಬೇಳೆಗೆ 130ರಂತೆ 936. ತರಕಾರಿಗೆ 45ರಂತೆ 1,215. ಹಣ್ಣಿಗೆ 80ರಂತೆ 864. ಹಾಲಿಗೆ 46ರಂತೆ 828. ಸಕ್ಕರೆ–ಬೆಲ್ಲ 252, ಎಣ್ಣೆ 540, ಮೊಟ್ಟೆ 630. ಕೋಳಿ ಮತ್ತು ಮೀನು 1,900. ಇಲ್ಲಿಗೆ 9,393.

ಆಯೋಗದ ಈ ಆಹಾರದ ಪಟ್ಟಿಯಲ್ಲಿ ತೆಂಗಿನಕಾಯಿ ಇಲ್ಲ, ಹುಣಸೆಹಣ್ಣು ಇಲ್ಲ, ಮೆಣಸಿನಕಾಯಿ, ಸಾಸಿವೆ, ಉಪ್ಪು, ಕಾಫಿಪುಡಿ ಯಾವುದೂ ಇಲ್ಲ. ಇವಿಲ್ಲದೆ ನಮ್ಮಲ್ಲಿ ಒಂದು ಹೊತ್ತಿನ ಸಾರೂ ಆಗುವುದಿಲ್ಲ. ಇವಕ್ಕೆ 900 ಸೇರಿಸಿ, ಒಟ್ಟು 10,300 ಎಂದು ಹಿಡಿಯೋಣ.

ಹಂತ 4: ಮನೆ

ಮೊದಲು ಮನೆ ಹೇಗಿರಬೇಕು ಎಂದು ಬರೆಯಿರಿ, ಆಮೇಲೆ ಅಂಥ ಮನೆಗೆ ಬಾಡಿಗೆ ಎಷ್ಟು ಎಂದು ಕೇಳಿ. ಈಗ ಇರುವ ಶೀಟಿನ ಸಿಂಗಲ್ ರೂಮಿನ ಬಾಡಿಗೆ ಎಡಗಡೆಯ ಕಾಲಂಗೆ ಹೋಗುತ್ತದೆ. ಬಲಗಡೆಗೆ ಬರುವುದು ಇದು: ಆರ್‌ಸಿಸಿ ಸೂರು, ಮಲಗಲು ಎರಡು ಜಾಗ, ಬೇರೆ ಅಡುಗೆಮನೆ, ಮನೆಯವರಿಗೇ ಮೀಸಲಾದ ಶೌಚಾಲಯ, ಗಾಳಿ ಬೆಳಕಿಗೆ ಕಿಟಕಿ, ಮನೆಯೊಳಗೆ ನೀರು. ಹನ್ನೆರಡು ವರ್ಷದ ಹೆಣ್ಣುಮಗಳಿರುವ ಮನೆಯಲ್ಲಿ ಇದರಲ್ಲಿ ಯಾವುದನ್ನು ಕೈಬಿಡಬಹುದು?

ಟು-ಲೆಟ್ ಬೋರ್ಡ್ ಇರುವ ಐದಾರು ಮನೆಗಳಿಗೆ ಹೋಗಿ ಈಗ ಕೇಳುತ್ತಿರುವ ಬಾಡಿಗೆ ತಿಳಿದುಕೊಳ್ಳಿ. ಹತ್ತು ವರ್ಷದಿಂದ ಒಂದೇ ಮನೆಯಲ್ಲಿರುವವರು ಕೊಡುವ ಬಾಡಿಗೆಗೂ ಇವತ್ತು ಹೊಸದಾಗಿ ಬರುವವರು ಕೊಡಬೇಕಾದ್ದಕ್ಕೂ ಬಹಳ ಅಂತರವಿರುತ್ತದೆ.

ಬಾಡಿಗೆಯ ಹಿಂದೆ ಅಡಗಿರುವ ಖರ್ಚನ್ನೂ ತೆಗೆಯಬೇಕು. ಅಡ್ವಾನ್ಸ್ 60,000 ಎಂದುಕೊಳ್ಳಿ. ಅದನ್ನು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ತಂದಿದ್ದರೆ 1,200 ರೂಪಾಯಿ ತಿಂಗಳು ತಿಂಗಳೂ ಹೋಗುತ್ತದೆ; ಅದೂ ಬಾಡಿಗೆಯೇ. ಸ್ವಂತ ಹಣವಾದರೂ ಬ್ಯಾಂಕಿನಲ್ಲಿದ್ದಿದ್ದರೆ ವರ್ಷಕ್ಕೆ ಶೇ 6ರಂತೆ ತಿಂಗಳಿಗೆ 300 ಬರುತ್ತಿತ್ತು. ನಾನು 300 ಮಾತ್ರ ಹಿಡಿಯುತ್ತೇನೆ, ಯಾಕೆಂದರೆ ಬದುಕಿಗೆ ಸಾಲುವ ಸಂಬಳವಿದ್ದರೆ ಅಡ್ವಾನ್ಸಿಗೆ ಬಡ್ಡಿಸಾಲ ಮಾಡುವ ಪರಿಸ್ಥಿತಿ ಬರಬಾರದು. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ವಾಡಿಕೆ ಬೆಂಗಳೂರಿನಲ್ಲಿದೆ. ಎರಡು ವರ್ಷಕ್ಕೊಮ್ಮೆ ಮನೆ ಬದಲಾದರೆ 8,000 ಭಾಗ 24, ತಿಂಗಳಿಗೆ 333. ನೀರು, ಕಸ, ಮೋಟಾರು ಎಂದು 300. ಬಾಡಿಗೆ 8,000 ಸೇರಿ ಮನೆಯ ಬಾಬ್ತು ಸುಮಾರು 8,950.

ಹಂತ 5: ಉಳಿದದ್ದೆಲ್ಲ

ಇಲ್ಲಿ ಬಾಬ್ತುಗಳು ಹೆಚ್ಚು, ವಿವರಣೆ ಕಡಿಮೆ ಸಾಕು. ಗ್ಯಾಸ್ ಸಿಲಿಂಡರ್ ಮತ್ತು ತಂದುಕೊಡುವವರ ಕೈಗೆ ಕೊಡುವುದು ಸೇರಿ 900, ಕರೆಂಟು 500. ಬಟ್ಟೆ, ಚಪ್ಪಲಿ, ಹೊದಿಕೆ 1,200. 72 ಗಜದ ಲೆಕ್ಕವನ್ನು ಈಗ ರೆಡಿಮೇಡ್ ಬಟ್ಟೆಯಾಗಿ ಪರಿವರ್ತಿಸಿ, ಒಬ್ಬೊಬ್ಬರಿಗೆ ವರ್ಷಕ್ಕೆ ಎಷ್ಟು ಜೊತೆ ಎಂದು ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ. ಓಡಾಟ 2,700: ಗಂಡ ಹೆಂಡತಿ ಇಬ್ಬರಿಗೂ ಬಸ್ ಪಾಸಿನ ದರ 1,200ರಂತೆ, ಊರಿಗೆ ಹೋಗಿಬರಲು 300. ಮೊಬೈಲ್ ರೀಚಾರ್ಜ್ 600. ಸೋಪು, ಪೌಡರು, ಎಣ್ಣೆ, ಸ್ಯಾನಿಟರಿ ಪ್ಯಾಡ್ 900. ಹಬ್ಬ, ಮುಯ್ಯಿ, ಒಂದು ಸಿನಿಮಾ 800. ಪಾತ್ರೆ, ಮಿಕ್ಸಿ ರಿಪೇರಿ, ಹಾಸಿಗೆ 400. ಊರಿಗೆ ಕಳಿಸುವುದು 1,500. ವೈದ್ಯಕೀಯ 1,000, ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಇದ್ದರೂ ಡಿಸ್ಪೆನ್ಸರಿಗೆ ಹೋದ ದಿನದ ಕೂಲಿ, ಹೊರಗೆ ಬರೆದುಕೊಟ್ಟ ಔಷಧ, ರಾತ್ರಿ ಜ್ವರ ಬಂದಾಗ ಪಕ್ಕದ ಕ್ಲಿನಿಕ್ಕು ತಪ್ಪುವುದಿಲ್ಲ.

ಶಿಕ್ಷಣಕ್ಕೆ 2,500 ಹಿಡಿದಿದ್ದೇನೆ. ಇಲ್ಲಿ ಒಂದು ನಿರ್ಧಾರವಿದೆ, ಅದನ್ನು ಬಾಯಿಬಿಟ್ಟು ಹೇಳಬೇಕು. ಸರ್ಕಾರಿ ಶಾಲೆ ಎಂದು ಲೆಕ್ಕ ಹಾಕುತ್ತೀರೋ, ಖಾಸಗಿ ಶಾಲೆ ಎಂದೋ? ನಾನು ಸರ್ಕಾರಿ ಶಾಲೆಯನ್ನೇ ಹಿಡಿದು, ಅದರ ಮೇಲೆ ಟ್ಯೂಷನ್, ನೋಟ್‌ಬುಕ್, ಪ್ರವಾಸ, ಮುಂದಿನ ಪಿಯುಸಿ–ಡಿಗ್ರಿಗೆ ತೆಗೆದಿಡುವ ಹಣ ಸೇರಿಸಿದ್ದೇನೆ. ನಿಮ್ಮ ಬೀದಿಯ ಹೆಚ್ಚಿನ ದುಡಿಯುವವರ ಮಕ್ಕಳು ಖಾಸಗಿ ಶಾಲೆಗೆ ಹೋಗುತ್ತಿದ್ದರೆ, ಹತ್ತಿರದಲ್ಲಿ ಸರಿಯಾದ ಸರ್ಕಾರಿ ಪ್ರೌಢಶಾಲೆ ಇಲ್ಲದಿದ್ದರೆ, ಫೀಸನ್ನೇ ಹಾಕಿ ಮತ್ತು ಕಾರಣ ಬರೆಯಿರಿ.

ಈ ಬಾಬ್ತುಗಳು ಸೇರಿ 13,000. ಊಟ, ಮನೆ ಕೂಡಿದರೆ 32,250. ಆಕಸ್ಮಿಕಕ್ಕೆ ಶೇ 5 ಸೇರಿಸಿ. ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಮಾರ್ಥಾ ಮತ್ತು ರಿಚರ್ಡ್ ಆಂಕರ್ ದಂಪತಿಯ ಜೀವನ ವೇತನ ವಿಧಾನದಲ್ಲೂ ಇದು ಇದೆ. ಒಟ್ಟು ಸುಮಾರು 33,900.

ಹಂತ 6: ಸೂತ್ರದ ಎದುರು ತೂಗಿ ನೋಡಿ

ಬಾಬ್ತುವಾರು ಬಂದ ಮೊತ್ತವನ್ನು 1957 ಮತ್ತು 1991ರ ಸೂತ್ರದ ಎದುರು ಇಡಬೇಕು. ಊಟ 10,300, ಬಟ್ಟೆ 1,200, ಮನೆ 8,950 ಕೂಡಿದರೆ 20,450. ಇದರ ಮೇಲೆ ಶೇ 20 ಮತ್ತು ಶೇ 25 ಬರಬೇಕು. ಹೇಗೆ?

ಹಲವರು 20,450ರ ಮೇಲೆ ಶೇ 45 ಕೂಡಿಸುತ್ತಾರೆ, 29,653 ಬರುತ್ತದೆ. ಮೊದಲು ಶೇ 20, ಬಂದ ಮೊತ್ತದ ಮೇಲೆ ಶೇ 25 ಎಂದು ಮೆಟ್ಟಿಲಾಗಿ ಹೋದರೆ 30,675. ಆದರೆ ಸಮ್ಮೇಳನದ ನಿರ್ಣಯವೂ ತೀರ್ಪೂ ಹೇಳುವುದು "ಒಟ್ಟು ಕನಿಷ್ಠ ವೇತನದ" ಶೇ 20 ಮತ್ತು ಶೇ 25. ಹಾಗಾದರೆ ಊಟ, ಬಟ್ಟೆ, ಮನೆ ಒಟ್ಟಿನ ಶೇ 55 ಮಾತ್ರ. 20,450 ಭಾಗ 0.55 ಎಂದರೆ 37,182. ಒಂದೇ ಸೂತ್ರ, ಓದುವ ಕ್ರಮ ಬದಲಾದರೆ ತಿಂಗಳಿಗೆ ಏಳೂವರೆ ಸಾವಿರದ ಅಂತರ. ಉರುವಲು–ಇತರೆಯ ಶೇ 20ಕ್ಕೆ 7ನೇ ವೇತನ ಆಯೋಗ ಕೂಡಿಸುವ ಬದಲು ಭಾಗಿಸುವ ಕ್ರಮವನ್ನೇ ಅನುಸರಿಸಿತು. ನೀವೂ ಅದನ್ನೇ ಹಿಡಿಯಿರಿ. ಎದುರಿನ ಕಡೆಯ ಲೆಕ್ಕ ಬಂದಾಗ ಮೊದಲು ನೋಡಬೇಕಾದ್ದು ಅಲ್ಲಿ ಕೂಡಿಸಿದ್ದಾರೋ ಭಾಗಿಸಿದ್ದಾರೋ ಎಂದು. ನಮ್ಮ 33,900 ಈ ಎರಡು ತುದಿಗಳ ನಡುವೆ ಇದೆ, ಅಂದರೆ ಲೆಕ್ಕ ಅತಿಯಾಗಿಲ್ಲ.

ಎರಡನೆಯದಾಗಿ ಬಾಡಿಗೆ ನೋಡಿ. ಹಳೆಯ ವೇತನ ಕಾನೂನುಗಳನ್ನು ಒಂದುಗೂಡಿಸಿದ ವೇತನ ಸಂಹಿತೆಗೆ 2020ರಲ್ಲಿ ಪ್ರಕಟವಾದ ಕೇಂದ್ರದ ಕರಡು ನಿಯಮಗಳಲ್ಲಿ 2,700 ಕ್ಯಾಲೊರಿ, 66 ಮೀಟರ್ ಬಟ್ಟೆ, ಶೇ 20, ಶೇ 25 ಎಲ್ಲವೂ ಹಾಗೇ ಇದ್ದವು. ಬಾಡಿಗೆ ಮಾತ್ರ ಊಟ–ಬಟ್ಟೆಯ ಖರ್ಚಿನ ಶೇ 10 ಎಂದಿತ್ತು. ನಮ್ಮ ಉದಾಹರಣೆಯಲ್ಲಿ ಅದು 1,150 ರೂಪಾಯಿ. ಲಗ್ಗೆರೆಯಲ್ಲಿ 1,150ಕ್ಕೆ ಸಂಸಾರ ಹೂಡುವ ಮನೆ ಸಿಗುವುದಿಲ್ಲ. ಆ ಅಂಕಿ ಹಾಕಿದರೆ 12,650 ಭಾಗ 0.55, ಒಟ್ಟು 23,000ಕ್ಕೆ ಇಳಿಯುತ್ತದೆ. ಒಂದೇ ಒಂದು ಬಾಬ್ತಿನಿಂದ 14,182 ರೂಪಾಯಿ ಕಳೆದುಹೋಯಿತು. ಎಲ್ಲಾದರೂ ಒಂದು ಕಡೆ ಮಾತ್ರ ಜಗಳವಾಡುವ ಶಕ್ತಿ ನಿಮಗಿದ್ದರೆ, ಬಾಡಿಗೆಯ ಮೇಲೆ ಆಡಿ.

ಹಂತ 7: ಎಷ್ಟು ಜನ ದುಡಿಯುತ್ತಾರೆ?

ಭಾರತೀಯ ಸೂತ್ರದಲ್ಲಿ ದುಡಿಯುವವರು ಒಬ್ಬರೇ. ಹೆಂಡತಿ ಮಕ್ಕಳ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು 1957ರಲ್ಲೇ ಒಪ್ಪಿಕೊಂಡದ್ದು. ಆ ಪ್ರಕಾರ 33,900 ಒಬ್ಬರ ಕೈಗೇ ಬರಬೇಕು. ಆಂಕರ್ ವಿಧಾನ ಆ ಪ್ರದೇಶದಲ್ಲಿ ಎಷ್ಟು ಜನ ದುಡಿಯುತ್ತಾರೆ, ನಿರುದ್ಯೋಗ ಎಷ್ಟು, ಅರೆಕಾಲಿಕ ಕೆಲಸ ಎಷ್ಟು ಎಂದು ನೋಡಿ ಒಂದಕ್ಕೂ ಎರಡಕ್ಕೂ ನಡುವಿನ ಅಂಕಿಯಿಂದ ಭಾಗಿಸುತ್ತದೆ. 1.6 ಎಂದು ಹಿಡಿದರೆ ತಲಾ ಸುಮಾರು 21,200.

ಎರಡೂ ಅಂಕಿ ಬರೆಯಿರಿ. ಬೇಡಿಕೆ ಒಬ್ಬರ ಲೆಕ್ಕದ್ದು, ಅದಕ್ಕಿಂತ ಕೆಳಗೆ ಇಳಿಯಲಾಗದ ಗೆರೆ ಎರಡನೆಯದು. ಪೂರ್ತಿ 2ರಿಂದ ಭಾಗಿಸುವುದನ್ನು ಮಾತ್ರ ಒಪ್ಪಬೇಡಿ. ಹೆರಿಗೆ, ಕಾಯಿಲೆ, ಲೋಡಿಂಗ್ ಕೆಲಸವಿಲ್ಲದ ವಾರ, ಆರ್ಡರ್ ಇಲ್ಲದೆ ಬ್ಯಾಚ್ ನಿಲ್ಲಿಸಿದ ದಿನ ಇವೆಲ್ಲ ಇರುವಾಗ ವರ್ಷಪೂರ್ತಿ ಇಬ್ಬರೂ ಪೂರ್ತಿ ದುಡಿಯುವ ಮನೆ ಎಲ್ಲಿದೆ? ಇಬ್ಬರೂ ಹೊರಗೆ ಹೋದರೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಖರ್ಚೂ ಏರುತ್ತದೆ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅದು ನಡೆಯುತ್ತಿಲ್ಲದಿದ್ದರೆ ಅಜ್ಜಿಗೋ ಪಕ್ಕದ ಮನೆಯವರಿಗೋ ಕೊಡುವ ಹಣವನ್ನು ಬಲಗಡೆಯ ಕಾಲಂಗೆ ಹಾಕಿ.

ಹಂತ 8: ಕೈಗೆ ಬರುವುದರಿಂದ ಒಟ್ಟು ಸಂಬಳಕ್ಕೆ

ಉದಾಹರಣೆಗೆ ಕೆಳಗಿನ ಗೆರೆಯನ್ನೇ ಹಿಡಿಯೋಣ; ಒಬ್ಬರ ಲೆಕ್ಕದ ಬೇಡಿಕೆಗೂ ಕ್ರಮ ಇದೇ. 21,200 ಕೈಗೆ ಬರಬೇಕಾದ ಹಣ. ಸಂಬಳದ ಚೀಟಿಯಲ್ಲಿ ಅದಕ್ಕಿಂತ ಹೆಚ್ಚು ಇರಬೇಕು. ಪಿಎಫ್ ಶೇ 12ನ್ನು ಪೂರ್ತಿ ಸಂಬಳದ ಮೇಲೆ ಹಿಡಿದರೆ 21,200 ಭಾಗ 0.88, ಅಂದರೆ 24,091. 2014ರಲ್ಲಿ ನಿಗದಿಯಾದ 15,000ದ ಮಿತಿಯ ಮೇಲೆ ಮಾತ್ರ ಹಿಡಿದರೆ ಕಡಿತ 1,800, ಒಟ್ಟು 23,000. ಪಿಎಫ್ ಮುಪ್ಪಿನ ಉಳಿತಾಯವಾದ್ದರಿಂದ ಬಲಗಡೆಯ ಕಾಲಂನಲ್ಲಿ ನಾನು ಮುಪ್ಪಿಗೆ ಬೇರೆ ಬಾಬ್ತು ಹಾಕಿಲ್ಲ.

ಇಎಸ್‌ಐಗೆ ನೌಕರರ ಪಾಲು ಶೇ 0.75, ಮಾಲೀಕರದು 3.25. ಆದರೆ 2017ರಿಂದ ಇರುವ ಮಿತಿ 21,000. ಸಂಬಳ ಆ ಗೆರೆ ದಾಟಿದರೆ ಆಗಿನ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಇಎಸ್‌ಐ ನಿಲ್ಲುತ್ತದೆ. ಆಗ ವೈದ್ಯಕೀಯಕ್ಕೆ ಹಿಡಿದ 1,000 ಯಾವ ಮೂಲೆಗೂ ಸಾಲದು. ಆ ಬಾಬ್ತಿಗೆ ಹಿಂದಿರುಗಿ ನಾಲ್ವರ ಆರೋಗ್ಯ ವಿಮೆಯ ಕಂತು ಸೇರಿಸಿ ಮತ್ತೆ ಕೂಡಿಸಬೇಕು. ಸಂಬಳ ಏರಿದರೂ ಮನೆ ಬಡವಾಗುವ ಜಾಗ ಇದು. ಲೆಕ್ಕ ಹಾಕುವ ದಿನ ಈ ಎರಡೂ ಮಿತಿಗಳು ಬದಲಾಗಿವೆಯೇ ಎಂದು ನೋಡಿಕೊಳ್ಳಿ.

ದಿನಗೂಲಿಗೆ ಇಳಿಸಲು 26ರಿಂದ ಭಾಗಿಸಿ, 30ರಿಂದ ಅಲ್ಲ. ವಾರದ ರಜೆ ಸಂಬಳದೊಳಗೇ ಸೇರಿದೆ. 24,091 ಭಾಗ 26 ಎಂದರೆ ದಿನಕ್ಕೆ ಸುಮಾರು 927, ಎಂಟು ತಾಸಿನ ಲೆಕ್ಕದಲ್ಲಿ ತಾಸಿಗೆ ಸುಮಾರು 116. ಈಗಿನ ಸಂಬಳದ ಜೊತೆ ಹೋಲಿಸುವಾಗ ಓಟಿ ಹಣ, ಪ್ರೊಡಕ್ಷನ್ ಇನ್ಸೆಂಟಿವ್, ಹಾಜರಾತಿ ಬೋನಸ್ ತೆಗೆದುಹಾಕಿ. ಎಂಟು ತಾಸಿನ ದುಡಿಮೆಗೆ ಖಚಿತವಾಗಿ ಬರುವುದು ಎಷ್ಟೋ ಅಷ್ಟೇ ಲೆಕ್ಕ.

ಗ್ಯಾರಂಟಿಗಳನ್ನು ಎಲ್ಲಿ ಬರೆಯುವುದು?

"ನಿಮಗೆ ಬಸ್ಸು ಫ್ರೀ, ಅಕ್ಕಿ ಫ್ರೀ, ಎರಡು ಸಾವಿರ ಬೇರೆ ಬರುತ್ತದೆ" ಎಂಬ ಮಾತು ಮಾತುಕತೆಯಲ್ಲಿ ಬಂದೇ ಬರುತ್ತದೆ. ಅದಕ್ಕೆ ಸಿದ್ಧರಾಗಿ ಮೂರನೇ ಕಾಲಂ ಹಾಕಿ. ಅನ್ನಭಾಗ್ಯದಿಂದ ಅಕ್ಕಿಯ 1,485, ಗೃಹಜ್ಯೋತಿಯಿಂದ ಕರೆಂಟಿನ 500, ಶಕ್ತಿಯಿಂದ ಹೆಂಡತಿಯ ಪಾಸಿನ 1,200, ಒಟ್ಟು 3,185 ಉಳಿಯಬಹುದು. ಗೃಹಲಕ್ಷ್ಮಿಯ 2,000 ಖರ್ಚಿನ ಕಡಿತವಲ್ಲ, ಆದಾಯ. ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ಇದನ್ನು ಜೀವನ ವೇತನದಿಂದ ಕಳೆಯಬಾರದು ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ತೆರಿಗೆ ಹಣದಿಂದ ಹೆಂಗಸರ ಕೈಗೆ ಬಂದದ್ದನ್ನು ಸಂಬಳದಲ್ಲಿ ಮುರಿದುಕೊಂಡರೆ ಆ ನೆರವು ಹೋಗಿ ಸೇರುವುದು ಮಾಲೀಕರ ಜೇಬಿಗೆ. ಎರಡನೆಯ ಕಾರಣ, ಯೋಜನೆ ಒಂದು ಆದೇಶದಿಂದ ಬದಲಾಗುತ್ತದೆ. 2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗದೆ ಐದು ಕೆಜಿ ಅಕ್ಕಿಯ ಬದಲು ತಲಾ 170 ರೂಪಾಯಿ ಕೊಟ್ಟದ್ದು, 2025ರಲ್ಲಿ ಮತ್ತೆ ಅಕ್ಕಿಗೆ ಬಂದದ್ದು ನೆನಪಿರಬಹುದು. ಮೂರನೆಯದು, ಎಲ್ಲರಿಗೂ ಇವು ಸಿಗುವುದಿಲ್ಲ. ಒಡಿಶಾ, ಜಾರ್ಖಂಡ್‌ನಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರಿಗೆ, ರೇಷನ್ ಕಾರ್ಡು ಊರಲ್ಲೇ ಬಿಟ್ಟವರಿಗೆ, ಮಾಲೀಕರ ಒಂದೇ ಮೀಟರಿನಿಂದ ಕರೆಂಟು ಪಡೆಯುವ ವಠಾರದವರಿಗೆ ಈ ಕಾಲಂನ ಒಂದಲ್ಲ ಒಂದು ಸಾಲು ಖಾಲಿಯೇ.

ಹಂತ 9: ವರ್ಷ ವರ್ಷ ನವೀಕರಿಸುವುದು

ಎಲ್ಲ ದರಗಳನ್ನೂ ಪ್ರತಿ ವರ್ಷ ಮತ್ತೆ ಕೇಳಲು ಆಗದಿದ್ದರೆ ಕಾರ್ಮಿಕ ಬ್ಯೂರೋ ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಬಳಸಿ. ಬೆಂಗಳೂರು, ಮೈಸೂರು, ಬೆಳಗಾವಿ, ಹುಬ್ಬಳ್ಳಿ–ಧಾರವಾಡಗಳಿಗೆ ಬೇರೆ ಬೇರೆ ಅಂಕಿ ಬರುತ್ತದೆ. ಲೆಕ್ಕ ಹಾಕಿದ ತಿಂಗಳಲ್ಲಿ ಸೂಚ್ಯಂಕ 140 ಇದ್ದು ಈಗ 147 ಆಗಿದ್ದರೆ, 33,900 ಗುಣಿಸು 147 ಭಾಗ 140, ಅಂದರೆ 35,595. ಪ್ರತಿ ಏಪ್ರಿಲ್ 1ರಿಂದ ನಮ್ಮ ರಾಜ್ಯದಲ್ಲಿ ಬದಲಾಗುವ ತುಟ್ಟಿಭತ್ಯೆಯೂ ಬೆಲೆ ಸೂಚ್ಯಂಕದ ಮೇಲೇ ನಿಂತಿದೆ.

ಸೂಚ್ಯಂಕವನ್ನು ಪೂರ್ತಿ ನಂಬಿ ಕೂರಬೇಡಿ. 2016ನ್ನು ಆಧಾರ ವರ್ಷವಾಗಿಟ್ಟ ಈ ಸರಣಿಯಲ್ಲಿ ವಸತಿಯ ತೂಕ ಶೇ 16.87. ನಮ್ಮ ಲೆಕ್ಕದಲ್ಲಿ ಮನೆ ಶೇ 26ಕ್ಕಿಂತ ಹೆಚ್ಚು. ಬಾಡಿಗೆ ಒಮ್ಮೆಲೆ ಏರಿದ ವರ್ಷ ಸೂಚ್ಯಂಕ ಅದನ್ನು ಪೂರ್ತಿ ತೋರಿಸುವುದಿಲ್ಲ. ಅದಕ್ಕೇ ಬಾಡಿಗೆ ಮತ್ತು ಶಾಲೆಯ ಖರ್ಚನ್ನು ವರ್ಷಕ್ಕೊಮ್ಮೆ ಹೊಸದಾಗಿ ಕೇಳಿ, ಉಳಿದದ್ದನ್ನು ಸೂಚ್ಯಂಕದಿಂದ ಏರಿಸಿ, ಮೂರು ವರ್ಷಕ್ಕೊಮ್ಮೆ ಇಡೀ ಬುಟ್ಟಿಯನ್ನು ಮತ್ತೆ ಹೊಂದಿಸಿ.

ಲೆಕ್ಕ ಸಿದ್ಧವಾದ ಮೇಲೆ

ಒಂದೇ ಮನೆಯ ಅಂಕಿಯನ್ನು ಹಿಡಿದು ಹೋದರೆ ಅದು ನಿಮ್ಮ ಮನೆಯ ಕಥೆ ಎನ್ನುತ್ತಾರೆ. ಬೇರೆ ಬೇರೆ ಬೀದಿಯ ಹತ್ತು ಹನ್ನೆರಡು ಮನೆಗಳಲ್ಲಿ ಎಡಗಡೆಯ ಕಾಲಂ ತುಂಬಿಸಿ, ಬಲಗಡೆಯ ಕಾಲಂ ಎಲ್ಲರಿಗೂ ಒಂದೇ ಇರಲಿ. ಮನೆಯವರ ಹೆಸರು ಬರೆಯಬೇಡಿ, ಸಂಖ್ಯೆ ಹಾಕಿದರೆ ಸಾಕು. ಸಾಲದ ವಿವರ ಹೊರಗೆ ಹೋಗುತ್ತದೆ ಎಂಬ ಭಯವಿದ್ದರೆ ಯಾರೂ ನಿಜ ಹೇಳುವುದಿಲ್ಲ. ಖರ್ಚು ಕೇಳಲು ಹೋದಾಗ ಮನೆಯ ಹೆಂಗಸರ ಹತ್ತಿರ ಕೂತು ಮಾತಾಡಿ, ದಿನಸಿಯ ಲೆಕ್ಕ ಇರುವುದು ಅವರ ಬಳಿ.

ಕನಿಷ್ಠ ವೇತನ ಪರಿಷ್ಕರಣೆಯ ಕರಡು ಅಧಿಸೂಚನೆ ಹೊರಬಿದ್ದಾಗ ಆಕ್ಷೇಪಣೆ ಸಲ್ಲಿಸಲು ಕನಿಷ್ಠ ಎರಡು ತಿಂಗಳ ಕಾಲಾವಕಾಶವಿರುತ್ತದೆ. ಯೂನಿಯನ್ ಇದ್ದರೆ ಅದರ ಮೂಲಕ, ಇಲ್ಲದಿದ್ದರೆ ಹಲವರು ಸಹಿ ಹಾಕಿ, ಕರಡಿನಲ್ಲಿ ಹೇಳಿದ ವಿಳಾಸಕ್ಕೆ ಕಳಿಸಿ. ಮೇಲಿನ ಪುಟದಲ್ಲಿ ಒಟ್ಟು ಮೊತ್ತ ಮತ್ತು ಕೇಳುವ ದಿನಗೂಲಿ, ಎರಡನೆಯದರಲ್ಲಿ ಬಾಬ್ತುವಾರು ಪಟ್ಟಿ, ಮೂರನೆಯದರಲ್ಲಿ ಅಂಗಡಿವಾರು ದರ ಮತ್ತು ತಾರೀಖು, ಕೊನೆಗೆ ಬಾಡಿಗೆ ರಸೀದಿ ಮತ್ತು ಬಿಲ್ಲುಗಳ ಜೆರಾಕ್ಸ್. ಕಳಿಸಿದ್ದಕ್ಕೆ ಸ್ವೀಕೃತಿ ಪಡೆದು, ಮೂಲ ನೋಟ್‌ಬುಕ್ ನಿಮ್ಮಲ್ಲೇ ಇಟ್ಟುಕೊಳ್ಳಿ.